ದೀನಾಳ ಏಳು ಕೋಳಿ

"ಅದನ್ನ ಕೆಳಗೆ ಬಿಡು, ರೂಲೊಫ್," ಎಂದಳು ಅಲೈಡಾ.

ರೂಲೊಫ್ ಬಿಡಲಿಲ್ಲ. ಒಂದು ಕೈಯಲ್ಲಿ ಕೋಳಿಯನ್ನು ಅದುಮಿ ಹಿಡಿದು, ಇನ್ನೊಂದರಲ್ಲಿ ಮರದ ಪೆಟ್ಟಿಗೆಯ ಪಕ್ಕದ ಹಲಗೆ ಎತ್ತಿ, ಒಳಗೆ ತುರುಕಿದ. ಅದು ಏಳನೆಯದು. ಕಪ್ಪು ಸೂಟಿಗೆಲ್ಲ ಗರಿಯ ಧೂಳು ಮೆತ್ತಿತ್ತು. ಬಿಳಿ ಅಂಗಿಯ ತೋಳತುದಿಯಲ್ಲಿ ರಕ್ತದ ಸಣ್ಣ ಚುಕ್ಕೆಗಳಿದ್ದವು.

"ಕುಕ್ಕಿಬಿಟ್ಟವು," ಎಂದ.

"ಅದು ನಿನ್ನ ರಕ್ತ ಅಲ್ಲ."

ಇಪ್ಪತ್ತು ಹೆಜ್ಜೆ ಆಚೆ, ಮನೆಯ ಹಿಂಭಾಗದ ದೊಡ್ಡ ಕೊಟ್ಟಿಗೆಯಲ್ಲಿ, ಅವನ ಸೋದರತ್ತೆ ದೀನಾ ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ಮೂವತ್ತೊಂದು ವರ್ಷ ಡೇರಿಯಲ್ಲಿ ಚೀಸಿನ ಗುಂಡುಗಳನ್ನು ಉಪ್ಪುನೀರಿನಲ್ಲಿ ಹೊರಳಿಸಿ ಹೊರಳಿಸಿ ಅವಳ ಬೆರಳು ಸೊಟ್ಟಗಾಗಿದ್ದವು. ಮದುವೆಯಾಗಿರಲಿಲ್ಲ. ಪಕ್ಕದ ಮನೆಯವಳದೇ ಹೊಣೆಯೆಂಬ ಊರ ಪದ್ಧತಿಯಂತೆ ಅವಳ ಮೈ ತೊಳೆದದ್ದು, ಗೋಡೆ ಗಡಿಯಾರ ನಿಲ್ಲಿಸಿದ್ದು, ಮನೆಮನೆಗೆ ಹೋಗಿ ಸಾವು ತಿಳಿಸಿದ್ದು, ಹೊರಲು ಆರು ಜನರನ್ನು ಕರೆದದ್ದು ಎಲ್ಲ ಅಲೈಡಾಳೇ. ಆ ಹಳ್ಳಿಯಲ್ಲಿ ಹೆಣ ಹೊರುವವರು ನೆಂಟರಲ್ಲ, ನೆರೆಯವರು.

"ಮೂರು ಗಂಟೆಗೆ ಒಬ್ಬ ಬಂದು ತಗೊಂಡು ಹೋಗ್ತಾನೆ. ಅವನೇ ಮುಗಿಸ್ತಾನೆ," ಎಂದ ರೂಲೊಫ್. "ರೋಗ ಬಡಿದಿದೆ ಚಿಕ್ಕಮ್ಮ, ನೋಡಿ. ಕತ್ತೆಲ್ಲ ಬೋಳು, ಬಾಲ ಇಲ್ಲ, ಗೂಡಲ್ಲಿ ಒಂದು ಮೊಟ್ಟೆ ಇಲ್ಲ. ಅತ್ತೆಗೆ ಕೊನೆಕೊನೆಗೆ ಬುದ್ಧಿ ಮಂಕಾಗಿತ್ತು. ಕಾಳು ಹಾಕೋದೇ ಮರೆತಿದ್ದಾಳೆ, ಪಾಪ."

ಆ ಮಾತನ್ನು ಅಲೈಡಾ ಬೆಳಗಿನಿಂದ ಮೂರು ಸಲ ಕೇಳಿದ್ದಳು. ಕಾಫಿ ಹಿಡಿದು ನಿಂತವರ ಮುಂದೆಲ್ಲ ಅವನು ಅದನ್ನೇ ಹೇಳಿದ್ದ. ಕೇಳಿದವರು ಮರುಕದಿಂದ ತಲೆಯಾಡಿಸಿದ್ದರು. ಸಂಜೆಯೊಳಗೆ ಅದು ಊರಿನ ಮಾತಾಗುತ್ತಿತ್ತು: ದೀನಾ ಕೋಳಿಗಳನ್ನು ಉಪವಾಸ ಕೆಡವಿ ಸತ್ತಳು.

"ಆರ್ನ್‌ಹೆಮ್ ಪಟ್ಟಣದಲ್ಲಿ ಕನ್ನಡಕ ಮಾರ್ತೀಯಲ್ಲ, ನೀನೂ ಒಂದು ಹಾಕ್ಕೋ. ಇದು ಗರಿ ಉದುರೋ ಕಾಲ. ವರ್ಷಾ ವರ್ಷಾ ಉದುರುತ್ತೆ. ಆಗ ಮೊಟ್ಟೆ ಇಡಲ್ಲ."

"ಇಷ್ಟೊಂದು?"

"ಇಷ್ಟೊಂದು."

"ಇವತ್ತೊಂದು ದಿನ ಜಗಳ ಬೇಡ ಚಿಕ್ಕಮ್ಮ. ಹೇಳಿ ಕಳಿಸಿ ಆಗಿದೆ." ಅವನು ಹಲಗೆಯನ್ನು ಕೆಳಗೆ ಒತ್ತಿ, ಕೈ ಒರೆಸಿಕೊಂಡು ಒಳಗೆ ಹೋದ.

*

ಹನ್ನೊಂದು ವರ್ಷದ ಹಿಂದೆ, ಇಂಥದೇ ಅಕ್ಟೋಬರಿನಲ್ಲಿ ಅಲೈಡಾಳ ಗಂಡ ತೀರಿಕೊಂಡಿದ್ದ. ಬಂದವರೆಲ್ಲ ಅವಳನ್ನು ತಬ್ಬಿಕೊಂಡರು, ಬೆನ್ನು ಸವರಿದರು. ಹತ್ತನೆಯ ದಿನ ಇನ್ನೊಬ್ಬರು ಗೇಟು ತೆಗೆಯುವ ಸದ್ದು ಕೇಳಿ ಅವಳು ಹಿಂಬಾಗಿಲಿನಿಂದ ದೀನಾಳ ಹಿತ್ತಿಲಿಗೆ ಓಡಿಬಂದಳು.

ದೀನಾ ನೆಲದ ಮೇಲೆ ಕೂತು ಮೀನಿನ ತಲೆಗಳನ್ನು ಬೆಂದ ಬಟಾಣಿಯ ಜೊತೆ ಹಿಸುಕುತ್ತಿದ್ದಳು. ಏನಾಯಿತೆಂದು ಕೇಳಲಿಲ್ಲ. ಅಲೈಡಾ ಹತ್ತಿರದ ಬೋಳು ಕೋಳಿಯತ್ತ ಕೈ ಚಾಚಿದಳು.

"ಎತ್ತಬೇಡ ಕಣೇ. ಹೊಸ ಗರಿ ಚರ್ಮದಿಂದ ಈಗ ಏಳ್ತಿದೆ, ಮುಳ್ಳಿನ ಥರ. ಅದರೊಳಗೆ ರಕ್ತ ಇರುತ್ತೆ. ಹಿಡಿದರೆ ಮುರಿಯುತ್ತೆ. ತುಂಬಾ ನೋವು ಅದಕ್ಕೆ."

"ಮತ್ತೆ ಏನು ಮಾಡ್ತೀಯ?"

"ಮೀನು ಹಾಕ್ತೀನಿ. ಪಕ್ಕದಲ್ಲಿ ಕೂತಿರ್ತೀನಿ. ಇನ್ನೇನು ಮಾಡಕ್ಕಾಗುತ್ತೆ?"

ಮಾರನೆಯ ದಿನದಿಂದ ಅಲೈಡಾಳ ಹಿಂಬಾಗಿಲ ಮೆಟ್ಟಿಲ ಮೇಲೆ ಬಟಾಣಿ ಸೂಪಿನ ಪಾತ್ರೆ, ಮೇಲೆ ಮಡಿಸಿದ ಬಟ್ಟೆ. ನವೆಂಬರ್ ಮುಗಿಯುವವರೆಗೂ ದೀನಾ ಒಂದು ದಿನವೂ ಬಾಗಿಲು ತಟ್ಟಲಿಲ್ಲ.

*

ಚರ್ಚಿನ ಗಂಟೆ ಶುರುವಾಯಿತು. ಆರು ಜನ ಶವಪೆಟ್ಟಿಗೆಯ ಎರಡೂ ಬದಿ ನಿಂತರು. ಮುಂದಿನವನು ವೆಸೆಲ್, ಎಪ್ಪತ್ತು ದಾಟಿದವನು, ಎದುರುಮನೆಯವನು.

"ಎತ್ತೋಣವಾ?"

"ಬೇಡ," ಎಂದಳು ಅಲೈಡಾ.

"ಗಂಟೆ ಹೊಡೀತಿದೆಯಲ್ಲಮ್ಮ."

"ಹೊಡೀಲಿ. ರೂಲೊಫ್ ಕೋಳಿ ಬಿಡೋ ತನಕ ಯಾರೂ ಕೈ ಹಾಕಬೇಡಿ. ನಿಮ್ಮನ್ನ ಕರೆದವಳು ನಾನು."

ಕಾಫಿ ಬಟ್ಟಲುಗಳ ಸದ್ದು ನಿಂತಿತು. ರೂಲೊಫ್ ಕಿವಿಯವರೆಗೆ ಕೆಂಪಾದ. "ಕೋಳಿಗೋಸ್ಕರ ನನ್ನ ಅತ್ತೆ ಹೆಣ ತಡೀತೀರಾ? ನಾಚಿಕೆ ಆಗಲ್ವಾ ನಿಮಗೆ?"

"ಆಗ್ತಿದೆ. ಬೆಳಗ್ಗೆಯಿಂದ ನೀನು ಅವಳ ಮಾನ ಕಳೀತಿದ್ದಾಗ ನಾನು ಸುಮ್ಮನೆ ಕಾಫಿ ಬಗ್ಗಿಸ್ತಿದ್ದೆನಲ್ಲ, ಅದಕ್ಕೆ." ಅಲೈಡಾ ಶವಪೆಟ್ಟಿಗೆಯತ್ತ ಕೈ ತೋರಿದಳು. "ಅವಳು ಬಿದ್ದಿದ್ದು ಎಲ್ಲಿ ಗೊತ್ತಾ? ಗೂಡಿನ ಮುಂದೆ. ಕೈಯಲ್ಲಿ ಮೀನಿನ ತಟ್ಟೆ ಇತ್ತು. ಆ ಬೆರಳು ಬಿಡಿಸಿದವಳು ನಾನು. ಮರೆತಿದ್ದಳಂತೆ."

"ನಾವೇ ಹೊರ್ತೀವಿ," ಎಂದು ರೂಲೊಫ್ ತನ್ನವರತ್ತ ತಿರುಗಿದ. ಅವನ ಹೆಂಡತಿ ತನ್ನ ಬೂಟು ನೋಡುತ್ತಿದ್ದಳು. ಉಳಿದ ನೆಂಟರಿಬ್ಬರೂ ಕೋಲು ಊರಿದ್ದರು.

ವೆಸೆಲ್ ಹಿಡಿಕೆಯಿಂದ ಕೈ ತೆಗೆದ. "ನಂಗ್ಯಾಕೋ ಸೊಂಟ ಹಿಡ್ಕೊಂಡಂಗಿದೆ ಮಗಾ," ಎಂದ. ಉಳಿದ ಐವರೂ ಒಬ್ಬೊಬ್ಬರಾಗಿ ಕೈ ತೆಗೆದರು.

ರೂಲೊಫ್ ಹಿತ್ತಿಲಿಗೆ ದಾಪುಗಾಲು ಹಾಕಿದ. ಹೊರುವ ಆರು ಜನರ ಹೊರತು ಉಳಿದವರೆಲ್ಲ ಕೊಟ್ಟಿಗೆಯ ದೊಡ್ಡ ಬಾಗಿಲಿಗೆ ಬಂದು ನಿಂತರು. ಅವನು ಹಲಗೆ ಎಳೆದು ಪೆಟ್ಟಿಗೆ ಬಗ್ಗಿಸಲು ಹೋದ.

"ಬಗ್ಗಿಸಬೇಡ," ಎಂದಳು ಅಲೈಡಾ. "ಕೈಯೂ ಹಾಕಬೇಡ. ತಾವಾಗೇ ಬರಲಿ."

ಒಂದು ಬಂತು. ಸ್ವಲ್ಪ ಹೊತ್ತಾದ ಮೇಲೆ ಎರಡು, ಮೈಯೆಲ್ಲ ಮುಳ್ಳುಮುಳ್ಳಾಗಿ, ಕುಂಟುತ್ತ. ಆಮೇಲೆ ಮತ್ತೆ ಮೂರು. ಏಳನೆಯದು ಬರಲಿಲ್ಲ. ರೂಲೊಫ್ ಒಳಗೆ ಕೈ ಚಾಚಿದವನು ಅಲೈಡಾಳ ಮುಖ ನೋಡಿ ಹಿಂದೆಗೆದ.

"ಎಷ್ಟು ಹೊತ್ತು ಕಾಯೋದು?"

"ಅದನ್ನೇ ಕೇಳು."

ಗಂಟೆ ನಿಂತಿತು. ಪಾದ್ರಿಗೆ ತಿಳಿಸಿಬರಲು ಯಾರೋ ಸೈಕಲ್ ಹತ್ತಿದರು. ರೂಲೊಫ್ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿದ. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಹಿಡಿದು, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಪೆಟ್ಟಿಗೆಯ ಕತ್ತಲೊಳಗೆ ನೋಡತೊಡಗಿದ. ಅವನ ಹಿಂದೆ, ತೆರೆದ ಬಾಗಿಲೊಳಗೆ, ಟೋಪಿ ಕೈಯಲ್ಲಿ ಹಿಡಿದ ಆರು ಜನ ದೀನಾಳ ಪಕ್ಕ ನಿಂತೇ ಇದ್ದರು.