ಸಾಣೆಗೆ ಸವೆದ ಅಂಕಿಗಳು

ಬರ್ಮಾ ಯುದ್ಧಕ್ಕೆ ಹೋದ ಗಂಡ ಹದಿನೈದು ವರ್ಷವಾದರೂ ಮರಳಿರಲಿಲ್ಲ. ಅವನದೆಂದು ಸಿಪಾಯಿಯೊಬ್ಬ ತೊಗಲಿನ ಒರೆಯ ಸಮೇತ ತಂದುಕೊಟ್ಟಿದ್ದ, ಬಂದೂಕಿನ ತುದಿಗೆ ಸಿಕ್ಕಿಸುವ ಬಯೊನೆಟ್ಟನ್ನು ಚಿಗಳ್ಳಿಯ ಮಾಲವ್ವ ಹಳಿಯಾಳದ ಕಮ್ಮಾರ ಸೋಮಪ್ಪನಿಗೆ ತುಕ್ಕು ತೆಗೆಯಲು ಕೊಟ್ಟಳು. ಹಿಡಿಯ ಬುಡದಲ್ಲಿ ಸಣ್ಣ ಅಕ್ಷರ, ಅಂಕಿಗಳಿದ್ದವು. ಕೆಲಸ ಚೆಂದ ಕಾಣಲೆಂದು ಸೋಮಪ್ಪ ಅವನ್ನೂ ಸಾಣೆ ಹಿಡಿದು ಸವೆಸಿಬಿಟ್ಟ.

ವಾರದ ಮೇಲೆ ಮಾಲವ್ವ ಬಂದು ಕೇಳಿದಳು: "ಹಿಡಿ ಹತ್ರ ನಂಬರು ಇರ್ತೈತಂತ, ಅಣ್ಣಾ. ದಾಂಡೇಲಿಯೊಳಗ ಪಿಂಚಣಿ ಮ್ಯಾಲಿರೋ ಮಿಲ್ಟ್ರಿ ಸುಬೇದಾರರು ಅದನ್ನ ನಮ್ಮನಿಯವರ ಕಾಗದಕ್ಕ ಹೊಂದಿಸಿ ನೋಡ್ತಾರಂತ. ಎಲ್ಲೈತಿ?"

"ಮೊದಲ ಇರಲಿಲ್ಲ ಬಿಡವಾ," ಎಂದುಬಿಟ್ಟ ಸೋಮಪ್ಪ.

ಆಕೆ ನಂಬಿ ಬಯೊನೆಟ್ಟನ್ನು ತೆಗೆದುಕೊಂಡು ಹೋದಳು. ಮೂರು ದಿನ ಸೋಮಪ್ಪ ಕುಲುಮೆ ಹೊತ್ತಿಸಲಿಲ್ಲ. ನಾಲ್ಕನೆಯ ದಿನ ಚಿಗಳ್ಳಿಗೆ ಹೋಗಿ, "ನಾನ ಅಳಿಸೇನಿ, ತಂಗಿ. ಸುಳ್ಳು ಹೇಳಿದೆ," ಎಂದ. ಆಕೆ ಬಯೊನೆಟ್ಟನ್ನೂ ಅದರ ಒರೆಯನ್ನೂ ಎತ್ತಿಕೊಂಡು ಅವನೊಂದಿಗೆ ದಾಂಡೇಲಿಗೆ ಹೊರಟಳು.

ಸುಬೇದಾರರು ಒರೆಯ ತೊಗಲನ್ನು ಬಿಸಿಲಿಗೆ ಹಿಡಿದು ಹೊರಳಿಸಿದರು. "ಒರಿ ಮ್ಯಾಲ ಪಲ್ಟಣದ ಗುರುತೈತಿ. ನಿಮ್ಮವರ ಪಲ್ಟಣನ ಹೌದು. ಆದ್ರ ನಂಬರಿಲ್ಲದ ಇದು ಅವರದ ಅಂತ ಹೇಳಾಕ ಆಗೂದಿಲ್ಲವಾ."

"ಅವರದ ಅಂತ ಇಟ್ಕೋತೀನ್ರಿ," ಎಂದು ಮಾಲವ್ವ ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡಳು.

ಮರಳುವಾಗ ಬಸ್ಸಿನಲ್ಲಿ ಜಾಗ ಖಾಲಿಯಿದ್ದರೂ ಸೋಮಪ್ಪ ಹಳಿಯಾಳದವರೆಗೆ ನಿಂತೇ ಬಂದ.