ಬದುಕಿದ್ದವನಿಗೆ ನಿತ್ಯ ವಿಶ್ರಾಂತಿ

ಪ್ರತಿ ಸಂಜೆ ಅಮ್ಮ ಜಪಸರ ಹಿಡಿದು ಕೂತು ದೊಡ್ಡ ಮಗನ ಆತ್ಮಕ್ಕೆ ನಿತ್ಯ ವಿಶ್ರಾಂತಿ ಬೇಡುತ್ತಿದ್ದರು. “ಸತ್ತವರು ತಮಗಾಗಿ ತಾವು ಬೇಡ್ಕೊಳ್ಳೋಕಾಗಲ್ಲ, ನಾವೇ ಬೇಡ್ಬೇಕು” ಅನ್ನುವುದು ಅವರ ನಂಬಿಕೆ. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಲೇ ಚಿಕ್ಕ ಮಗ “ಆಮೆನ್” ಅನ್ನುತ್ತಿದ್ದ. ದೊಡ್ಡ ಮಗ ಬದುಕಿದ್ದಾನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಣ್ಣತಮ್ಮಂದಿರಿಬ್ಬರೂ ಒಂದೇ ಅಂಗಡಿಯ ಟೈಲರ್‌ಗಳು. ಯಾರದೋ ಕೋಟಿನ ತೋಳು ಗಿಡ್ಡವಾಯಿತು. ಕತ್ತರಿಸಿದವನ ತಪ್ಪೋ ಹೊಲಿದವನ ತಪ್ಪೋ ಎಂದು ಕಡ್ಡಿಯನ್ನು ಗುಡ್ಡ ಮಾಡಿಕೊಂಡರು. ಅಣ್ಣ ಹೆಂಡತಿಯನ್ನು ಕರೆದುಕೊಂಡು ಬೇರೆ ಊರು ಸೇರಿದ. ಅವನನ್ನು ಕರೆಸು ಎಂದು ಅಮ್ಮ ದಿನಾ ಪ್ರಾಣ ತಿನ್ನುತ್ತಿದ್ದರು. ಒಂದು ದಿನ ತಲೆ ಕೆಟ್ಟು ತಮ್ಮ, “ಅವನು ಸತ್ತ, ಮಣ್ಣೂ ಮಾಡಿದ್ದಾಯ್ತು” ಅಂದುಬಿಟ್ಟ. ಕೂಡಲೇ ತಿದ್ದಬಹುದಿತ್ತು. ಆದರೆ ಅಳುವವರ ಮುಂದೆ ಸುಳ್ಳನ್ನು ಒಪ್ಪಿಕೊಳ್ಳಲು ಎದೆ ಬೇಕು. ಈ ಮಹಾಶಯನಿಗೆ ದೇವರು ಬಾಯಿಯನ್ನಷ್ಟೇ ಧಾರಾಳವಾಗಿ ಕೊಟ್ಟಿದ್ದ.

ಆಮೇಲೊಂದು ದಿನ ಅತ್ತಿಗೆ ಫೋನ್ ಮಾಡಿದರು. “ಇವ್ರಿಗೆ ತುಂಬಾ ಹುಷಾರಿಲ್ಲ. ಅಮ್ಮನಿಗೆ ಪ್ರಾರ್ಥನೆ ಮಾಡೋಕೆ ಹೇಳು ಅಂತಿದ್ದಾರೆ.”

“ಅಮ್ಮ ದಿನಾ ಮಾಡ್ತಾಳೆ, ಅತ್ತಿಗೆ.”

ಹೇಳಿದ್ದು ನಿಜವೇ. ಏನು ಬೇಡುತ್ತಾಳೆಂದು ಮಾತ್ರ ಹೇಳಲಿಲ್ಲ. ಅಮ್ಮನಿಗೆ ಹೇಳಲೇಬೇಕು ಅಂದುಕೊಂಡ. ಈ ಕಾಲರ್ ಮುಗಿಯಲಿ, ಆ ಗುಂಡಿಯ ಕಾಜಾ ಮುಗಿಯಲಿ ಎಂದು ದಿನ ದೂಡಿದ. ಸಂಜೆ ಆಮೆನ್ ಅನ್ನುವುದನ್ನು ಮಾತ್ರ ಬಿಟ್ಟ, ಅಮ್ಮನಿಗೆ ಗೊತ್ತಾಗದಂತೆ ಯಂತ್ರವನ್ನು ಜೋರಾಗಿ ತುಳಿದು ಮುಚ್ಚಿಹಾಕಿದ.

ಮತ್ತೆ ಅತ್ತಿಗೆಯ ಫೋನ್ ಬಂತು. “ಹೋಗ್ಬಿಟ್ರು. ಅಮ್ಮ ಬೇಡ್ಕೋತಿದ್ದಾರೆ ಅಂತ ಕೊನೇವರೆಗೂ ಧೈರ್ಯವಾಗಿದ್ರು.”

ಅವನು ಹೋಗಿ ಅಮ್ಮನ ಕಾಲ ಬಳಿ ಕುಳಿತ. ಬಾಯಿ ಬಿಡದಿದ್ದರೂ ನಡೆಯುತ್ತಿತ್ತು, ಸುಳ್ಳು ತಾನಾಗಿಯೇ ನಿಜವಾಗಿತ್ತು. ಆದರೆ ಮಣ್ಣು ಮಾಡುವ ಮೊದಲು ಹೆತ್ತವಳು ಮಗನ ಮುಖ ನೋಡಬೇಡವೇ?

“ಅಮ್ಮ, ಅಣ್ಣ ಹೋಗಿದ್ದು ಇವತ್ತು. ಆವತ್ತು ನಾನು ಸುಳ್ಳು ಹೇಳಿದ್ದೆ.”

ಹೊಡೆಯಲಿ, ಶಪಿಸಲಿ ಎಂದು ತಲೆ ತಗ್ಗಿಸಿ ಕಾದ. ಅಮ್ಮ ಅವನ ಗಲ್ಲ ಹಿಡಿದು ಮುಖ ಎತ್ತಿದರು.

“ಏನಾಗಿತ್ತೋ ಅವನಿಗೆ?”

“ಶ್ವಾಸಕೋಶದ ಕಾಯಿಲೆ. ತಿಂಗಳುಗಟ್ಟಲೆ ಮಲಗಿದ್ನಂತೆ.”

ಅಮ್ಮ ಜಪಸರವನ್ನು ಮಡಿಲಿಗೆ ಇಳಿಸಿ ತಮ್ಮ ಕೈಗಳನ್ನೇ ನೋಡಿಕೊಂಡರು.

“ವಾಸಿಯಾಗ್ಲಿ ಅಂತ ಒಂದು ಸಲಾನೂ ಕೇಳ್ಲಿಲ್ವಲ್ಲೋ ನಾನು.”