ಅಕ್ಕನ ಸರದಿ

ನನ್ನ ಅಕ್ಕ ಪಾಠ ಮಾಡುವ ಶಾಲೆಗೆ ನಾನು ವ್ಯಾನ್ ಓಡಿಸುತ್ತೇನೆ. ನನಗೆ ಓದು ತಲೆಗೆ ಹತ್ತಲಿಲ್ಲ ಎನ್ನುತ್ತಾರೆ ಮನೆಯಲ್ಲಿ. ಹತ್ತಿಸುವ ಕೆಲಸ ಯಾರದಾಗಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೋಗಲಿ.

ಕೆಲವು ವರ್ಷಗಳ ಹಿಂದೆ ಮೇಲಿನ ಕಚೇರಿಯವರಿಗೆ ಒಂದು ಬುದ್ಧಿ ಹೊಳೆಯಿತು. ಚೆನ್ನಾಗಿ ಪಾಠ ಮಾಡುವ ಶಿಕ್ಷಕರಿಗೆ ಸಂಬಳದ ಮೇಲೆ ಪ್ರೋತ್ಸಾಹಧನ. ಯಾರು ಚೆನ್ನಾಗಿ ಮಾಡುತ್ತಾರೆಂದು ನೋಡಲು ಕುರ್ಚಿ ಬಿಟ್ಟು ಏಳುವವರು ಯಾರು? ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕುಳಿತು ನೀವೇ ಅಂಕ ಹಾಕಿ ಕಳಿಸಿ ಎಂದರು. ಹೆಚ್ಚು ಅಂಕ ಬಂದ ಒಬ್ಬರಿಗೆ ವರ್ಷವಿಡೀ ಹೆಚ್ಚಿನ ಸಂಬಳ.

ನಮ್ಮ ಸ್ಟಾಫ್ ರೂಮಿನವರೇನು ಕಡಿಮೆಯೇ? ಲೆಕ್ಕದ ಮೇಷ್ಟ್ರು ಬಾಗಿಲು ಮುಂದೆ ಮಾಡಿ, ಎಲ್ಲರಿಗೂ ಒಪ್ಪಿಗೆಯಾಗುವ ದಾರಿ ಹೇಳಿದರು: ಸರದಿ. ಈ ವರ್ಷ ಒಬ್ಬರು ಉತ್ತಮ ಶಿಕ್ಷಕರು, ಮುಂದಿನ ವರ್ಷ ಇನ್ನೊಬ್ಬರು. ಯಾರೂ ಯಾರ ತರಗತಿಗೂ ಕಾಲಿಡುವುದು ಬೇಡ, ಟೀ ಕುಡಿಯುತ್ತ ಅಂಕ ತುಂಬಿದರಾಯಿತು. ಜಗಳವಿಲ್ಲ, ಹೊಟ್ಟೆಕಿಚ್ಚಿಲ್ಲ. ಪಾಠವೂ ಇಲ್ಲ ಎನ್ನುವುದು ಬೇರೆ ಮಾತು.

ಈ ಸಲ ಅಕ್ಕನ ಸರದಿ. ಬಟ್ಟೆ ಒಗೆಯುವ ಮೆಷಿನ್ ಯಾವುದು ತಗೊಳ್ಳೋಣವೆಂದು ಅಂಗಡಿಗೆ ಹೋಗಿ ಮುಟ್ಟಿ ತಟ್ಟಿ ನೋಡಿಕೊಂಡೂ ಬಂದಿದ್ದಳು. ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವವನು ನಾನು. ಹೀಗಾಗಿ ಅಕ್ಕನ ಏಳಿಗೆಯ ಬಗ್ಗೆ ಅವಳಿಗಿಂತ ನನಗೇ ಹೆಚ್ಚು ಕಾಳಜಿಯಿತ್ತು.

ಅಷ್ಟರಲ್ಲಿ ಭೂಗೋಳಕ್ಕೆ ಹೊಸ ಟೀಚರ್ ಬಂದರು. ಸರದಿಯ ವಿಷಯ ಅವರ ಕಿವಿಗೆ ಹಾಕುವುದು ಹೇಗೆಂದು ಎಲ್ಲರೂ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಅವರು ನೇರ ಅಕ್ಕನ ಮೇಜಿನ ಹತ್ತಿರ ಬಂದು, "ಮೇಡಂ, ನನ್ನ ಕ್ಲಾಸ್ ನೋಡೋಕೆ ಯಾವತ್ತು ಬರ್ತೀರಾ?" ಎಂದು ಕೇಳಿಬಿಟ್ಟರು. ಅಕ್ಕ ಲೆಕ್ಕದ ಮೇಷ್ಟ್ರ ಮುಖ ನೋಡಿದಳು. ಅವರು ಫ್ಯಾನ್ ನೋಡಿದರು. "ಇವತ್ತೇ ಬರ್ತೀನಿ" ಎಂದಳು ಅಕ್ಕ.

ಮೇಷ್ಟ್ರು ಅವಳನ್ನು ಕಾರಿಡಾರಿನಲ್ಲಿ ತಡೆದರು. "ಹೋಗಿ ಕೂತಿದ್ದು ಬಾಮ್ಮ, ಪರವಾಗಿಲ್ಲ. ಆದ್ರೆ ಅಂಕ ಮಾತ್ರ ಮಾತಾಡಿಕೊಂಡ ಹಾಗೇ. ನಾವೆಲ್ಲ ಆಗಲೇ ಅವರಿಗೆ ಕಮ್ಮಿ ಹಾಕಿದ್ದೀವಿ. ನೀನೊಬ್ಬಳು ಜಾಸ್ತಿ ಹಾಕಿದ್ರೆ ಇದೇನು ಏರುಪೇರು ಅಂತ ಕಚೇರಿಯೋರೇ ಬಂದು ಎಲ್ಲರ ಕ್ಲಾಸಲ್ಲೂ ಕೂರ್ತಾರೆ."

"ನನ್ನ ಸರದಿ ಸಾರ್. ನನಗೆ ಗೊತ್ತಿಲ್ವಾ?"

ವ್ಯಾನ್ ಹೊರಡಲು ಇನ್ನೂ ಹೊತ್ತಿತ್ತು. ನಾನು ಆ ತರಗತಿಯ ಕಿಟಕಿಯ ಬಳಿ ನಿಂತೆ.

ಹೊಸ ಟೀಚರ್ ಪುಸ್ತಕ ತೆಗೆಯಲೇ ಇಲ್ಲ. "ನೀವೆಲ್ಲ ಈ ಕೋಣೆಯ ಚಾವಣಿಗೆ ಅಂಟಿಕೊಂಡಿರೋ ಹಲ್ಲಿಗಳು. ಕೆಳಗೆ ಏನು ಕಾಣುತ್ತೋ ಅದರ ಚಿತ್ರ ಬರೀರಿ" ಎಂದರು. ಮಕ್ಕಳು ಬಿದ್ದು ಬಿದ್ದು ನಕ್ಕು, ಬರೆಯತೊಡಗಿದರು. ಒಬ್ಬ ಟೀಚರಿಗೆ ಕಾಲು ಬರೆದ. ಮೇಲಿಂದ ಕಾಲು ಕಾಣುತ್ತದೋ ಇಲ್ಲವೋ ಎಂದು ಕೋಣೆಯೇ ಎರಡು ಪಕ್ಷವಾಯಿತು. ಟೀಚರ್ ಬಾಯಿ ಬಿಡದೆ ಗೋಡೆಗೊರಗಿ ನಿಂತಿದ್ದರು.

ಹಿಂದಿನ ಬೆಂಚಿನಲ್ಲಿದ್ದ ಅಕ್ಕ ಪಕ್ಕದ ಹುಡುಗಿಯ ಹಾಳೆಗೆ ಇಣುಕಿ, "ಬೀರು ಇದೇನೇ? ಅಷ್ಟು ಎತ್ತರದ್ದು, ಇಷ್ಟೇ ಇಷ್ಟು ಬರ್ದಿದ್ದೀಯಲ್ಲ" ಎಂದಳು.

"ಟೀಚರ್, ನೀವಿನ್ನೂ ಬೆಂಚಲ್ಲೇ ಕೂತಿದ್ದೀರ. ಮೇಲೆ ಬನ್ನಿ" ಎಂದಳು ಹುಡುಗಿ.

ಅಕ್ಕ ಕತ್ತೆತ್ತಿ ಚಾವಣಿ ನೋಡಿದಳು. ಆಮೇಲೆ ತನ್ನ ಕೈಯಲ್ಲಿದ್ದ ಅಂಕದ ಹಾಳೆಯನ್ನೇ ಮಗುಚಿ, ಅದರ ಹಿಂದೆ ಬೀರು ಬರೆದಳು. ಕಿಟಕಿ ಬರೆದಳು. ಗಂಟೆ ಹೊಡೆದಾಗ ಎದ್ದವರಲ್ಲಿ ಅವಳೇ ಕೊನೆಯವಳು.

ನನಗೆ ಆಗಲೇ ಅನುಮಾನ ಬಂತು.

ಸ್ಟಾಫ್ ರೂಮಿನಲ್ಲಿ ಅವಳು ಹಾಳೆಯನ್ನು ಸರಿಯಾದ ಮಗ್ಗುಲಿಗೆ ತಿರುಗಿಸಿ, ಎಲ್ಲದಕ್ಕೂ ಪೂರ್ತಿ ಅಂಕ ಹಾಕಿ, ಸಹಿ ಮಾಡಿ ಲಕೋಟೆಗೆ ತುರುಕಿದಳು. ಲೆಕ್ಕದ ಮೇಷ್ಟ್ರಿಗೆ ಟೀ ನೆತ್ತಿಗೇರಿತು.

"ಏನಮ್ಮಾ ನೀನು, ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಳ್ಳೋದಲ್ದೆ ನಮ್ಮ ಕಾಲ ಮೇಲೂ ಹಾಕ್ತೀಯಲ್ಲ. ಮುಂದಿನ ಸಲ ನನ್ನ ಸರದಿ."

"ಕೈ ಬರಲಿಲ್ಲ ಸಾರ್."

"ಕೈ ಬರೋಕೇನು, ಚಪಾತಿ ಲಟ್ಟಿಸ್ತಿದ್ಯಾ? ಒಂದು ಸೊನ್ನೆ ಕಮ್ಮಿ ಬರೀಬೇಕಿತ್ತು ಅಷ್ಟೇ."

ಅಕ್ಕ ಲಕೋಟೆಯನ್ನು ತಾನೇ ಒಯ್ದು ಹೆಡ್ಮಾಸ್ಟರ ಟಪಾಲಿನ ಪೆಟ್ಟಿಗೆಗೆ ಹಾಕಿ ಬಂದಳು.

ಸಂಜೆ ಮಕ್ಕಳನ್ನೆಲ್ಲ ಇಳಿಸುವವರೆಗೂ ನಾನು ಹಲ್ಲು ಕಚ್ಚಿಕೊಂಡಿದ್ದೆ. ವ್ಯಾನ್ ಖಾಲಿಯಾದದ್ದೇ ತಡ, "ತಲೆ ನೆಟ್ಟಗಿದೆಯಾ ನಿನಗೆ?" ಎಂದೆ. "ಅಷ್ಟು ವರ್ಷ ಬೇರೆಯೋರಿಗೆಲ್ಲ ಕಣ್ಣು ಮುಚ್ಕೊಂಡು ಹಾಕಿದ್ಯಲ್ಲ. ನಿನ್ನ ಸರದಿ ಬಂದಾಗಲೇ ಕಣ್ಣು ಬಿಡಬೇಕಿತ್ತಾ?"

"ಕಿರುಚಬೇಡ. ರಸ್ತೆ ನೋಡು."

"ಸರದಿ ದುಡ್ಡಂತೂ ಹೋಯ್ತು. ಕಚೇರಿಯೋರು ಬಂದು ನಿನ್ನ ಕ್ಲಾಸಲ್ಲಿ ಕೂರ್ತಾರೆ, ಗೊತ್ತಾ?"

"ಗೊತ್ತು." ಅವಳು ಕಿಟಕಿಯ ಗಾಜು ಇಳಿಸಿದಳು. "ಪುಟ್ಟ, ನಾನು ಇಷ್ಟು ವರ್ಷದಿಂದ ಪಾಠ ಮಾಡ್ತಿದ್ದೀನಿ. ಚೆನ್ನಾಗಿ ಮಾಡ್ತೀನೋ ಕೆಟ್ಟದಾಗಿ ಮಾಡ್ತೀನೋ, ಒಂದು ನರಪಿಳ್ಳೆ ಬಂದು ನೋಡಿಲ್ಲ. ನನಗೂ ಗೊತ್ತಿಲ್ಲ. ಸರದಿ ಬಂತು ಅಂತ ಉತ್ತಮ ಶಿಕ್ಷಕಿ ಅನ್ನಿಸಿಕೊಂಡ್ರೆ ಆಮೇಲೂ ಗೊತ್ತಾಗ್ತಿರಲಿಲ್ಲ."

"ಕೆಟ್ಟದಾಗಿ ಮಾಡ್ತೀಯ ಅಂತಂದ್ರೆ?"

"ಅನ್ನಲಿ. ನೋಡಿಯಾದ್ರೂ ಅಂತಾರಲ್ಲ."

ನನಗೆ ಸಿಟ್ಟು ಇಳಿದಿರಲಿಲ್ಲ, ಈಗಲೂ ಪೂರ್ತಿ ಇಳಿದಿಲ್ಲ. ಗೇರ್ ಬದಲಿಸಿದೆ. ಪಕ್ಕದಲ್ಲಿ ಅಕ್ಕ ತುಟಿ ಅಲ್ಲಾಡಿಸುತ್ತಿದ್ದಳು. ತಲೆ ಕೆಟ್ಟಿತೇನೋ ಎಂದು ತಿರುಗಿದರೆ, ಎದುರಿನ ಗಾಜಿಗೆ ಪಾಠ ಮಾಡುತ್ತಿದ್ದಳು. ಮಧ್ಯದಲ್ಲಿ ನಿಲ್ಲಿಸಿ, "ಥೂ, ಬೋರ್ ಹೊಡೀತಿದೆ" ಎಂದು ತನಗೆ ತಾನೇ ಹೇಳಿಕೊಂಡು, ಮತ್ತೆ ಮೊದಲಿನಿಂದ ಶುರು ಮಾಡಿದಳು.